ಪೊರೆ ತೆಳ್ಳಗಾದಷ್ಟೂ ಹೈಡ್ರೋಜನ್ ಜಾಸ್ತಿ ಬರುತ್ತದೆಯೇ?

ನಿಮ್ಮ ಪ್ರಶ್ನೆ ಇಷ್ಟು: ಹಬೆಯನ್ನು 800 ಡಿಗ್ರಿಯಲ್ಲಿ ಒಡೆದು ಹೈಡ್ರೋಜನ್ ತೆಗೆಯುವ ಸೆಲ್‌ನಲ್ಲಿ ಎರಡು ಎಲೆಕ್ಟ್ರೋಡ್‌ಗಳ ನಡುವಿನ ಪೊರೆಯನ್ನು ಆದಷ್ಟೂ ತೆಳ್ಳಗೆ ಮಾಡಿದರೆ ಸಾಲದೇ, ಹೊಸ ವಸ್ತು ಯಾಕೆ ಹುಡುಕಬೇಕು? ಇಂಥ ಪೊರೆಗಳನ್ನು ಮಾಡುವುದೇ ನನ್ನ ಕೆಲಸ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ತೆಳ್ಳಗೆ ಮಾಡಿದ್ದರಿಂದ ಲಾಭ ಆಗಿದೆ. ಆದರೆ ಅದರಲ್ಲಿ ಬಹುಪಾಲು ಈಗಾಗಲೇ ಸಿಕ್ಕಾಗಿದೆ. ಹೆಚ್ಚಿನವರು ಬಳಸುವ ಪೊರೆ ಯಿಟ್ರಿಯಾ ಬೆರೆಸಿದ ಜಿರ್ಕೋನಿಯಾ ಎಂಬ ಸೆರಾಮಿಕ್, ಹಬೆಯಿಂದ ಬಿಡಿಸಿದ ಆಕ್ಸಿಜನ್ ಅಯಾನುಗಳನ್ನು (ವಿದ್ಯುದಾವೇಶ ಇರುವ ಕಣಗಳನ್ನು) ಆಚೆ ದಾಟಿಸುವುದು ಅದರ ಕೆಲಸ. ಅದು 200 ಮೈಕ್ರಾನ್ ದಪ್ಪ ಇದ್ದು, ಚದರ ಸೆಂಟಿಮೀಟರ್‌ಗೆ 1 ಆಂಪಿಯರ್ ಹರಿಸಿದರೆ, 800 ಡಿಗ್ರಿಯಲ್ಲಿ ಸುಮಾರು ಅರ್ಧ ವೋಲ್ಟ್ ಪೊರೆಯಲ್ಲೇ ಹೋಗುತ್ತದೆ. ಸೆಲ್ ನಡೆಯುವುದೇ 1.3 ವೋಲ್ಟ್ ಆಸುಪಾಸಿನಲ್ಲಿ, ಅದರಲ್ಲಿ ಇದು ದೊಡ್ಡ ನಷ್ಟ ಅಲ್ವಾ? 10 ಮೈಕ್ರಾನ್‌ಗೆ ಇಳಿಸಿದರೆ ನಷ್ಟ 0.025 ವೋಲ್ಟ್. ಅಲ್ಲಿಂದ 5ಕ್ಕೆ ಇಳಿಸಿದರೆ ಆಗುವ ಉಳಿತಾಯ ತೀರಾ ಕಡಿಮೆ. ಅಷ್ಟು ತೆಳುವಾದ ಪದರದಲ್ಲಿ ಒಂದು ಸೂಜಿ ತೂತು ಇದ್ದರೂ ಹೈಡ್ರೋಜನ್ ಆಚೆ ಹೋಗಿ ಆಕ್ಸಿಜನ್ ಜೊತೆ ಸೇರಿ ಉರಿಯುತ್ತದೆ.

ನಿಜವಾದ ತೊಂದರೆ ಇರುವುದು ಪೊರೆಯ ಎರಡು ಮೈಗಳಲ್ಲಿ. ಕರೆಂಟ್ ಜಾಸ್ತಿ ಮಾಡಿದಾಗ ಒಂದು ಕಡೆ ಆಕ್ಸಿಜನ್ ಒತ್ತಡ ಏರಿ ಎಲೆಕ್ಟ್ರೋಡ್ ಎದ್ದು ಬರುತ್ತದೆ. ಇನ್ನೊಂದು ಕಡೆ ನಿಕಲ್ ಕಣಗಳು ಪೊರೆಯಿಂದ ದೂರ ಸರಿಯುತ್ತವೆ. ಈ ಹಾನಿಗೆಲ್ಲ ಬಿಸಿಯೂ ಒಂದು ಕಾರಣ. ಉಷ್ಣತೆ ಇಳಿಸೋಣ ಅಂದರೆ ಜಿರ್ಕೋನಿಯಾ 600 ಡಿಗ್ರಿಯಲ್ಲಿ ಅಯಾನುಗಳನ್ನು ಸರಿಯಾಗಿ ಬಿಡುವುದಿಲ್ಲ. ಹೊಸ ವಸ್ತು ಬೇಕಾಗಿರುವುದು ಇಲ್ಲಿ.

1981ರಲ್ಲಿ ಜಪಾನಿನ ಇವಾಹಾರಾ ಅವರು ಕೆಲವು ಸೆರಾಮಿಕ್‌ಗಳು ಬಿಸಿಯಲ್ಲಿ ಆಕ್ಸಿಜನ್ ಬದಲು ಪ್ರೋಟಾನ್ (ಹೈಡ್ರೋಜನ್ ಅಯಾನು) ಸಾಗಿಸುತ್ತವೆ ಎಂದು ತೋರಿಸಿದರು. ಇವತ್ತು ಬೇರಿಯಂ, ಜಿರ್ಕೋನಿಯಂ, ಸೀರಿಯಂ ಸೇರಿದ ಆಕ್ಸೈಡ್‌ಗಳು 500-600 ಡಿಗ್ರಿಯಲ್ಲೇ ಈ ಕೆಲಸ ಮಾಡುತ್ತವೆ. ಹೈಡ್ರೋಜನ್ ಪೊರೆ ದಾಟಿ, ಹಬೆ ಇಲ್ಲದ ಕಡೆ ಒಣಗಿಯೇ ಬರುತ್ತದೆ, ಹಬೆ ಬೇರ್ಪಡಿಸುವ ರಗಳೆ ಇಲ್ಲ. ನನಗೆ ಈ ದಾರಿಯ ಮೇಲೇ ಹೆಚ್ಚು ಭರವಸೆ.

ಆದರೆ ಇದನ್ನು ಮಾಡುವುದು ಸುಲಭವಲ್ಲ. ಸೀರಿಯಂ ಜಾಸ್ತಿ ಹಾಕಿದರೆ ಕಾರ್ಬನ್ ಡೈಆಕ್ಸೈಡ್ ತಾಗಿ ಪೊರೆ ಹಾಳಾಗುತ್ತದೆ. ಜಿರ್ಕೋನಿಯಂ ಜಾಸ್ತಿ ಹಾಕಿದರೆ ಗಟ್ಟಿ, ಆದರೆ ಸರಿಯಾಗಿ ಬೇಯಲು 1600 ಡಿಗ್ರಿ ದಾಟಬೇಕು. ಆ ಬಿಸಿಗೆ ಬೇರಿಯಂ ಹಾರಿಹೋಗುತ್ತದೆ. ಅದಕ್ಕೆ ಬಿಲ್ಲೆಯನ್ನು (ಎಲೆಕ್ಟ್ರೋಡ್ ಪದರದ ಮೇಲೆ ಪೊರೆ ಕೂರಿಸಿದ ಸಣ್ಣ ತಟ್ಟೆಯನ್ನು) ಪೊರೆಯದೇ ಪುಡಿಯಲ್ಲಿ ಹೂತಿಟ್ಟು ಬೇಯಿಸುತ್ತೇವೆ. ಎಲೆಕ್ಟ್ರೋಡ್ ಪದರವೂ ಪೊರೆಯೂ ಒಂದೇ ಸಮ ಕುಗ್ಗದಿದ್ದರೆ ಬಿಲ್ಲೆ ಸುಟ್ಟ ಹಪ್ಪಳದ ಹಾಗೆ ಸೊಟ್ಟಗಾಗಿ ಹೊರಬರುತ್ತದೆ. ತೂತು ಇದೆಯಾ ಅಂತ ನೋಡಲು ಒಂದು ಕಡೆ ಸ್ಪಿರಿಟ್ ಹನಿ ಹಾಕಿ, ತಿರುಗಿಸಿ ನೋಡುತ್ತೇನೆ. ಆಚೆ ಒದ್ದೆ ಕಂಡರೆ ಆ ಬಿಲ್ಲೆ ಬದಿಗೆ.

ಅತಿಯಾದ ಬಿಸಿಯಲ್ಲಿ ಬೆಂದ ಪೊರೆಯ ಮೇಲ್ಮೈಗೆ ಎಲೆಕ್ಟ್ರೋಡ್ ಚೆನ್ನಾಗಿ ಕಚ್ಚಿಕೊಳ್ಳುವುದೂ ಇಲ್ಲ. 2022ರಲ್ಲಿ ಅಮೆರಿಕದ ಐಡಾಹೊ ನ್ಯಾಷನಲ್ ಲ್ಯಾಬೊರೇಟರಿಯವರು ಪೊರೆಯನ್ನು ಆಸಿಡ್‌ನಲ್ಲಿ ತೊಳೆದು ಆ ಮೇಲ್ಮೈಯನ್ನು ಮತ್ತೆ ಚುರುಕು ಮಾಡಬಹುದೆಂದು ತೋರಿಸಿದರು. ಹೊಸ ಸಂಯೋಜನೆ ಬೇಕಾಗಲಿಲ್ಲ, ಮೈ ಸರಿಮಾಡಿದ್ದೇ ಸಾಕಾಯಿತು.

ನೀವು ಪ್ರಾಜೆಕ್ಟ್ ಮಾಡುವುದಾದರೆ ಒಂದು ಮಾತು. ಈ ಪ್ರೋಟಾನ್ ಪೊರೆಗಳು ಸ್ವಲ್ಪ ಎಲೆಕ್ಟ್ರಾನ್ ಹರಿವನ್ನೂ ಬಿಡುತ್ತವೆ. ಮೀಟರ್‌ನಲ್ಲಿ ಕರೆಂಟ್ ಭರ್ಜರಿ ಕಾಣುತ್ತದೆ, ಹೈಡ್ರೋಜನ್ ಅಷ್ಟು ಬಂದಿರುವುದಿಲ್ಲ. 1 ಆಂಪಿಯರ್‌ಗೆ ನಿಮಿಷಕ್ಕೆ ಸುಮಾರು 7 ಮಿಲಿಲೀಟರ್ ಹೈಡ್ರೋಜನ್ ಬರಬೇಕು. ಸುಮ್ನೆ ಕರೆಂಟ್ ನೋಡಿ ಗ್ರಾಫ್ ಹಾಕಬೇಡಿ, ಹೊರಬರುವ ಗ್ಯಾಸ್ ಅಳೆಯಿರಿ. ಲೆಕ್ಕ ಕಡಿಮೆ ಬಂದರೆ, ಸೋರಿಕೆ ಇಲ್ಲ ಅಂತ ಖಾತ್ರಿ ಮಾಡಿಕೊಂಡು, ಎಲೆಕ್ಟ್ರಾನ್ ಹರಿವು ತಗ್ಗಿಸಲು ಉಷ್ಣತೆ ಇಳಿಸಿ ಹಬೆ ಜಾಸ್ತಿ ಕೊಟ್ಟು ನೋಡಿ.