ಓದುಗರ ಪ್ರಶ್ನೆಗಳು: ಕ್ಯಾಲಿಪರ್ ಪಿಸ್ಟನ್ ಹಿಂದಕ್ಕೆ ಒತ್ತುವಾಗ

ಪ್ರಶ್ನೆ: ಮುಂದಿನ ಚಕ್ರಗಳಿಗೆ ಹೊಸ ಬ್ರೇಕ್ ಪ್ಯಾಡ್ ಹಾಕಬೇಕು. ಕ್ಯಾಲಿಪರ್‌ನ (ಪ್ಯಾಡ್‌ಗಳನ್ನು ಡಿಸ್ಕ್‌ಗೆ ಅದುಮುವ ಭಾಗ) ಪಿಸ್ಟನ್ ಒತ್ತುವಾಗ ಬ್ಲೀಡರ್ ಸ್ಕ್ರೂ (ಆಯಿಲ್, ಗಾಳಿ ಹೊರಬಿಡುವ ತಿರುಪು) ಸಡಿಲಿಸಲೇಬೇಕೇ?

ಉತ್ತರ: ಕಡ್ಡಾಯವೇನಲ್ಲ. ಪ್ಯಾಡ್ ಸವೆದಂತೆಲ್ಲ ಪಿಸ್ಟನ್ ಹೊರಗೆ ಬಂದಿರುತ್ತದೆ, ಅದರ ಹಿಂದಿನ ಜಾಗದಲ್ಲಿ ಬ್ರೇಕ್ ಆಯಿಲ್ ತುಂಬಿಕೊಂಡಿರುತ್ತದೆ. ಬ್ಲೀಡರ್ ಮುಚ್ಚಿಯೇ ಒತ್ತಿದರೆ ಆ ಆಯಿಲ್ ಮೇಲಿನ ಬ್ರೇಕ್ ಆಯಿಲ್ ಡಬ್ಬಿಗೆ ವಾಪಸ್ ಹೋಗುತ್ತದೆ. ನಡುವೆ ಯಾರಾದರೂ ಆಯಿಲ್ ತುಂಬಿಸಿದ್ದರೆ ಉಕ್ಕಿ ಚೆಲ್ಲುತ್ತದೆ. ಡಾಟ್ 3, ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಬಿದ್ದ ಕಡೆ ಪೇಂಟ್ ಏಳುತ್ತದೆ. ಆದ್ದರಿಂದ ಮೊದಲು ಮುಚ್ಚಳ ತೆಗೆದು ನೋಡಿ. ಮಟ್ಟ ಮ್ಯಾಕ್ಸ್ ಗೆರೆಯ ಹತ್ತಿರವಿದ್ದರೆ ಸಿರಿಂಜ್‌ನಿಂದ ಸ್ವಲ್ಪ ಎಳೆದು ತೆಗೆಯಿರಿ.

ಬ್ಲೀಡರ್ ತೆರೆದರೆ ಕ್ಯಾಲಿಪರ್‌ನಲ್ಲಿದ್ದ ಕಪ್ಪು ಆಯಿಲ್ ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ) ಘಟಕದತ್ತ ಹೋಗದೆ ಹೊರಗೇ ಬೀಳುತ್ತದೆ. ಆಯಿಲ್ ಹಳೆಯದಾಗಿದ್ದರೆ ಇದೇ ಒಳ್ಳೆಯದು. ಬ್ಲೀಡರ್ ತುದಿಗೆ ಪಾರದರ್ಶಕ ಟ್ಯೂಬ್ ಸಿಕ್ಕಿಸಿ, ಅದರ ಇನ್ನೊಂದು ತುದಿ ಬಾಟಲಿಯಲ್ಲಿರುವ ಆಯಿಲ್‌ನಲ್ಲಿ ಮುಳುಗಿರಲಿ. ಕಾಲು ಸುತ್ತು ಸಡಿಲಿಸಿ ಪಿಸ್ಟನ್ ಒತ್ತಿ. ಒತ್ತಡ ಬಿಡುವ ಮೊದಲೇ ಬ್ಲೀಡರ್ ಬಿಗಿ ಮಾಡಿ, ಇಲ್ಲವಾದರೆ ಗಾಳಿ ಒಳಸೇರುತ್ತದೆ. ಬ್ಲೀಡರ್ ತುಕ್ಕು ಹಿಡಿದಿದ್ದರೆ ಅದರ ತಂಟೆಗೇ ಹೋಗಬೇಡಿ. ಮುರಿದರೆ ಪ್ಯಾಡ್ ಕೆಲಸ ಹೋಗಿ ಕ್ಯಾಲಿಪರ್ ಕೆಲಸವಾಗುತ್ತದೆ.

ಒತ್ತಲು ಸಿ-ಕ್ಲ್ಯಾಂಪ್ ಸಾಕು. ಮೊದಲು ಪಿಸ್ಟನ್‌ನ ಹೊರಗೆ ಕಾಣುವ ಭಾಗವನ್ನು, ರಬ್ಬರ್ ಬೂಟ್‌ನ ಮಡಿಕೆಗಳನ್ನು ಬ್ರೇಕ್ ಕ್ಲೀನರ್‌ನಿಂದ ಒರೆಸಿ. ಹಳೆಯ ಪ್ಯಾಡನ್ನು ಪಿಸ್ಟನ್ ಮುಖಕ್ಕೆ ಅಡ್ಡ ಇಟ್ಟು, ಕ್ಲ್ಯಾಂಪನ್ನು ಒಂದೊಂದೇ ಕಾಲು ಸುತ್ತು ತಿರುಗಿಸುತ್ತ ಪಿಸ್ಟನನ್ನು ನೇರವಾಗಿ ಒಳಗೆ ಕಳಿಸಿ. ಸ್ಕ್ರೂಡ್ರೈವರ್‌ನಿಂದ ಮೀಟಬೇಡಿ. ಫಿನಾಲಿಕ್ (ಗಟ್ಟಿ ಪ್ಲಾಸ್ಟಿಕ್) ಪಿಸ್ಟನ್ ಆದರೆ ಅಂಚು ಚಕ್ಕೆ ಏಳುತ್ತದೆ, ಬೂಟ್ ಹರಿದರೆ ನೀರು, ಕೆಸರು ಒಳಹೋಗುತ್ತವೆ. ಬಿಚ್ಚಿದ ಕ್ಯಾಲಿಪರನ್ನು ತಂತಿಯಿಂದ ಕಟ್ಟಿ ನೇತುಹಾಕಿ, ಅದರ ಭಾರ ಹೋಸ್ ಮೇಲೆ ಬೀಳಬಾರದು. ಎರಡೂ ಬದಿ ಒಟ್ಟಿಗೆ ಬಿಚ್ಚುವುದೂ ಬೇಡ: ಒಂದು ಕಡೆ ಒತ್ತಿದಾಗ ಇನ್ನೊಂದು ಕಡೆಯದು ಹೊರಬರಬಹುದು.

ಪ್ರಶ್ನೆ: ಹಿಂದಿನ ಚಕ್ರದ ಪಿಸ್ಟನ್ ಕ್ಲ್ಯಾಂಪ್‌ಗೆ ಜಗ್ಗುತ್ತಲೇ ಇಲ್ಲ.

ಉತ್ತರ: ಪಿಸ್ಟನ್ ಮುಖ ನೋಡಿ. ಎರಡೋ ನಾಲ್ಕೋ ಕಚ್ಚುಗಳಿದ್ದರೆ ಅದು ತಿರುಗಿಸಿ ಒಳಕಳಿಸುವ ಜಾತಿ. ಹ್ಯಾಂಡ್‌ಬ್ರೇಕ್ ಕೇಬಲ್ ಆ ಕ್ಯಾಲಿಪರ್‌ಗೇ ಬಂದಿರುತ್ತದೆ, ಒಳಗೆ ಸ್ಕ್ರೂ ಇರುತ್ತದೆ. ಬರೀ ಒತ್ತಿದರೆ ಅದೇ ಹಾಳಾಗುತ್ತದೆ. ಹ್ಯಾಂಡ್‌ಬ್ರೇಕ್ ಇಳಿಸಿ, ವಿಂಡ್-ಬ್ಯಾಕ್ ಟೂಲ್‌ನಿಂದ ಒತ್ತುತ್ತಲೇ ತಿರುಗಿಸಿ. ಹೆಚ್ಚಿನವು ಪ್ರದಕ್ಷಿಣವಾಗಿ ಹೋಗುತ್ತವೆ, ಕೆಲವು ಕಾರುಗಳಲ್ಲಿ ಒಂದು ಬದಿಯದು ಉಲ್ಟಾ. ಮ್ಯಾನ್ಯುಯಲ್ ನೋಡಿಕೊಳ್ಳಿ. ಬೂಟ್ ಜೊತೆಗೇ ತಿರುಚಿಕೊಂಡರೆ ನಿಲ್ಲಿಸಿ ಬಿಡಿಸಿ. ಪ್ಯಾಡ್ ಬೆನ್ನಿನಲ್ಲಿ ಪಿನ್ ಇದ್ದರೆ ಅದು ಪಿಸ್ಟನ್ ಮುಖದ ಕಚ್ಚಿನೊಳಗೆ ಸರಿಯಾಗಿ ಕೂರಬೇಕು, ಇಲ್ಲದಿದ್ದರೆ ಪ್ಯಾಡ್ ಓರೆಯಾಗಿ ಸವೆಯುತ್ತದೆ.

ಎಲೆಕ್ಟ್ರಿಕ್ ಪಾರ್ಕಿಂಗ್ ಬ್ರೇಕ್ ಇದ್ದರೆ ಮೊದಲು ಸರ್ವಿಸ್ ಮೋಡ್‌ಗೆ ಹಾಕಿ ಮೋಟರ್ ಹಿಂದೆ ಸರಿಯುವಂತೆ ಮಾಡಬೇಕು. ಅದಕ್ಕೂ ಮುಂಚೆ ಬಲ ಹಾಕಬೇಡಿ.

ಪ್ರಶ್ನೆ: ಮುಂದಿನ ಪಿಸ್ಟನ್ನೇ ಸಿಕ್ಕಿಹಾಕಿಕೊಂಡಿದೆ. ದೊಡ್ಡ ಕ್ಲ್ಯಾಂಪ್ ತರಲೇ?

ಉತ್ತರ: ಬೇಡ. ಬ್ಲೀಡರ್ ಸ್ವಲ್ಪ ತೆರೆದು ಒತ್ತಿ ನೋಡಿ. ಸಲೀಸಾಗಿ ಹೋದರೆ ಕ್ಯಾಲಿಪರ್ ತಪ್ಪಿಲ್ಲ. ರಬ್ಬರ್ ಹೋಸ್ ಒಳಗೆ ಊದಿ ಮುಚ್ಚಿಕೊಂಡಿರಬಹುದು. ಆಗಲೂ ಹೋಗದಿದ್ದರೆ ತುಕ್ಕು. ಬ್ರೇಕ್ ಬಿಟ್ಟಾಗ ಪಿಸ್ಟನನ್ನು ಕೂದಲೆಳೆಯಷ್ಟು ಹಿಂದೆಳೆಯುವುದು ಒಳಗಿನ ಚೌಕ ಸೀಲ್. ತುಕ್ಕು ಹಿಡಿದ ಪಿಸ್ಟನನ್ನು ಬಲವಂತವಾಗಿ ಒಳದಬ್ಬಿದರೂ ಸೀಲ್ ಅದನ್ನು ಹಿಂದೆಳೆಯಲಾರದು. ಪ್ಯಾಡ್ ಡಿಸ್ಕನ್ನು ಉಜ್ಜುತ್ತಲೇ ಇದ್ದು ಚಕ್ರ ಕಾಯುತ್ತದೆ. ಸೀಲ್ ಕಿಟ್ ಹಾಕಿಸಿ ಇಲ್ಲವೇ ಕ್ಯಾಲಿಪರ್ ಬದಲಿಸಿ.

ಪ್ರಶ್ನೆ: ಪ್ಯಾಡ್ ಹಾಕಿದ ಮೇಲೆ ಪೆಡಲ್ ನೆಲಕ್ಕೇ ಹೋಯಿತು!

ಉತ್ತರ: ಹೋಗಲೇಬೇಕು, ಪಿಸ್ಟನ್ ಇನ್ನೂ ಪ್ಯಾಡ್ ಮುಟ್ಟಿಲ್ಲ. ಗಾಡಿ ಕದಲಿಸುವ ಮೊದಲು, ಗಟ್ಟಿಯಾಗುವವರೆಗೆ ಪೆಡಲನ್ನು ಅರ್ಧರ್ಧ ಒತ್ತಿ. ಪೂರ್ತಿ ತುಳಿದರೆ, ಆಯಿಲ್ ದೂಡುವ ಹಳೆಯ ಮಾಸ್ಟರ್ ಸಿಲಿಂಡರ್‌ನ ಬಳಕೆಯಾಗದ ಭಾಗದ ತುಕ್ಕು ಸೀಲನ್ನು ಗೀರಬಹುದು. ಆಮೇಲೂ ಪೆಡಲ್ ಸ್ಪಂಜಿನಂತಿದ್ದರೆ ಗಾಳಿ ಸೇರಿದೆ ಎಂದರ್ಥ: ಬ್ಲೀಡ್ ಮಾಡಿ ಗಾಳಿ ಹೊರಹಾಕದೆ ಗಾಡಿ ತೆಗೆಯಬೇಡಿ.