ಶ್ವಾಸಕೋಶದ ಕ್ಯಾನ್ಸರ್ ಮೆದುಳಿಗೆ ಹರಡಿದೆ, ತಲೆಗೆ ಕರೆಂಟ್ (ರೇಡಿಯೇಷನ್) ಕೊಡಿಸಲೇಬೇಕೇ?

ತೀರ್ಥಹಳ್ಳಿಯ ನಿಮ್ಮ ತಂದೆಗೆ 62 ವರ್ಷ, ಬೀಡಿ ಸಿಗರೇಟು ಮುಟ್ಟಿದವರಲ್ಲ, ಬಯಾಪ್ಸಿಯಲ್ಲಿ ಅಡಿನೋಕಾರ್ಸಿನೋಮ (ಶ್ವಾಸಕೋಶದ ಕ್ಯಾನ್ಸರಿನ ಒಂದು ಬಗೆ), ಮೆದುಳಿನ ಎಂಆರ್‌ಐಯಲ್ಲಿ ಮೂರು ಸಣ್ಣ ಗಡ್ಡೆ ಎಂದು ಬರೆದಿದ್ದೀರಿ. ಪೂರ್ತಿ ವಾಸಿಯಾಗುತ್ತದೆ ಎನ್ನಲಾರೆ, ಆದರೆ ಚಿಕಿತ್ಸೆ ಖಂಡಿತ ಇದೆ. ಕರೆಂಟಿಗೆ ಒಪ್ಪುವ ಮೊದಲು ಗಡ್ಡೆಯ ಇಜಿಎಫ್‌ಆರ್, ಎಎಲ್‌ಕೆ, ರಾಸ್1 ಎಂಬ ಜೀನ್‌ಗಳಲ್ಲಿ ಬದಲಾವಣೆ ಇದೆಯೇ ಎಂದು ನೋಡುವ ಪರೀಕ್ಷೆ ಆಗಿದೆಯೇ ಕೇಳಿ. ಧೂಮಪಾನ ಮಾಡದವರಲ್ಲಿ ಈ ಬದಲಾವಣೆಗಳು ಸಿಗುವ ಸಾಧ್ಯತೆ ಹೆಚ್ಚು. ಸಾಮಾನ್ಯವಾಗಿ ಕಾಣುವ ಇಜಿಎಫ್‌ಆರ್ ಬದಲಾವಣೆಯಾದರೆ ದಿನಕ್ಕೊಂದು 80 ಮಿಲಿಗ್ರಾಂ ಒಸಿಮರ್ಟಿನಿಬ್ ಮಾತ್ರೆ, ಎಎಲ್‌ಕೆ ಆದರೆ ಅಲೆಕ್ಟಿನಿಬ್ ಅಥವಾ ಲಾರ್ಲಾಟಿನಿಬ್. ಇವು ಮೆದುಳಿನೊಳಕ್ಕೂ ಚೆನ್ನಾಗಿ ಇಳಿಯುತ್ತವೆ. ಗಡ್ಡೆ ಸಣ್ಣದಿದ್ದು ತೊಂದರೆ ಕೊಡದಿದ್ದರೆ ಮಾತ್ರೆಯಿಂದಲೇ ಶುರುಮಾಡಿ, ಎರಡು ಮೂರು ತಿಂಗಳಿಗೊಮ್ಮೆ ಎಂಆರ್‌ಐ ಮಾಡಿ ನೋಡುವ ದಾರಿಯೂ ಇದೆ.

ಪರೀಕ್ಷೆಗೆ ಮತ್ತೆ ಸೂಜಿ ಚುಚ್ಚಲೇಬೇಕೆಂದಿಲ್ಲ. ಬಯಾಪ್ಸಿ ನೋಡಿದ ಲ್ಯಾಬಿನಲ್ಲಿ ತುಂಡನ್ನು ಮೇಣದಲ್ಲಿ ಹುದುಗಿಸಿಟ್ಟ ‘ಬ್ಲಾಕ್’ ಇರುತ್ತದೆ, ಕೇಳಿ ಪಡೆಯಿರಿ. ಬರೀ ರಿಪೋರ್ಟ್ ಹಿಡಿದು ಬೆಂಗಳೂರಿನ ಕಿದ್ವಾಯಿಗೋ ಮಣಿಪಾಲಕ್ಕೋ ಹೋದರೆ ಬ್ಲಾಕ್‌ಗಾಗಿ ಮತ್ತೆ ಊರಿಗೆ ಬರಬೇಕಾದೀತು. ಅದನ್ನು ಬಿಸಿಲಿಗೆ ಕಾದ ಕಾರಿನಲ್ಲಿ ಬಿಡಬೇಡಿ, ಮೇಣ ಮೆತ್ತಗಾಗುತ್ತದೆ. ಎಂಆರ್‌ಐ ಸಿಡಿಯೂ ಜೊತೆಗಿರಲಿ.

ಕರೆಂಟಿನಲ್ಲೂ ಎರಡು ಬಗೆ. ಮೂರೇ ಗಡ್ಡೆಯಿದ್ದರೆ ಅವುಗಳಿಗಷ್ಟೇ ಗುರಿಯಿಟ್ಟು ಒಂದರಿಂದ ಐದು ಸಲದಲ್ಲಿ ಮುಗಿಸುವ ಎಸ್‌ಆರ್‌ಎಸ್ ಆಗುತ್ತದೆಯೇ ವಿಚಾರಿಸಿ. ಇಡೀ ಮೆದುಳಿಗೆ ಕೊಡುವುದು ಸಾಮಾನ್ಯವಾಗಿ 10 ಸಲ, ಒಟ್ಟು 30 ಗ್ರೇ (ರೇಡಿಯೇಷನ್ ಅಳೆಯುವ ಮಾನ). ಆಮೇಲೆ ಮರೆವು, ಮಂಕು ಕಾಡಬಹುದು. ಗಡ್ಡೆ ದೊಡ್ಡದಾಗಿ ಒತ್ತುತ್ತಿದ್ದರೆ ಆಪರೇಷನ್ ಮಾತು ಬರುತ್ತದೆ.

ಡೆಕ್ಸಾಮೆಥಾಸೋನ್ ಎಂಬ ಸ್ಟಿರಾಯ್ಡ್ ಕೊಟ್ಟಿದ್ದಾರೆ, ಎರಡೇ ದಿನಕ್ಕೆ ತಲೆನೋವು ಹೋಯಿತು ಅಂದಿರಲ್ಲ, ಇಳಿದಿರುವುದು ಗಡ್ಡೆಯಲ್ಲ, ಸುತ್ತಲಿನ ಬಾವು. ಹುಷಾರಾದರೆಂದು ತಾವಾಗಿ ನಿಲ್ಲಿಸುವುದೇ ಇಲ್ಲಿ ಆಗುವ ದೊಡ್ಡ ತಪ್ಪು. ವೈದ್ಯರು ಹೇಳಿದಂತೆ ಹಂತಹಂತವಾಗಿ ಇಳಿಸಬೇಕು. ತಿಂಡಿಯಾದ ಮೇಲೆ ಬೆಳಿಗ್ಗೆ ಕೊಡಿ, ಎರಡನೇ ಡೋಸ್ ಇದ್ದರೆ ಮಧ್ಯಾಹ್ನವೇ ಮುಗಿಸಿ. ರಾತ್ರಿ ಕೊಟ್ಟರೆ ನಿದ್ದೆ ಬರುವುದಿಲ್ಲ. ಶುಗರ್ ಏರುತ್ತದೆ, ಮನೆಯಲ್ಲೇ ನೋಡುತ್ತಿರಿ. ಬಾಯಲ್ಲಿ ಬಿಳಿ ಪದರ ಕಂಡರೆ ತಿಳಿಸಿ.

ಆಗುಂಬೆ ಘಾಟಿ ಇಳಿಯುವಾಗ ವಾಂತಿಯಾದರೆ ತಿರುವುಗಳ ಕಾರಣವಿರಬಹುದು. ಬೆಳಿಗ್ಗೆ ಏಳುತ್ತಲೇ ತಲೆನೋವಿನ ಜೊತೆ ವಾಂತಿಯಾದರೆ ಅದು ಬೇರೆ, ಅಂದೇ ಆಸ್ಪತ್ರೆಗೆ ಹೊರಡಿ. ಫಿಟ್ಸ್ ಬಂದರೆ ಒಂದು ಮಗ್ಗುಲಿಗೆ ಮಲಗಿಸಿ, ಹೊತ್ತು ನೋಡಿಕೊಳ್ಳಿ. ಕೈಗೆ ಕಬ್ಬಿಣ, ಬಾಯಿಗೆ ಚಮಚ ಎರಡೂ ಬೇಡ. ಐದು ನಿಮಿಷ ದಾಟಿದರೆ 108ಕ್ಕೆ ಕರೆ ಮಾಡಿ.

ಒಸಿಮರ್ಟಿನಿಬ್ ಶುರುವಾದ ಮೇಲೆ ಭೇದಿ, ಉಗುರಿನ ಸುತ್ತ ಬಾವು ಸಾಮಾನ್ಯ. ಹೊಸದಾಗಿ ಒಣಕೆಮ್ಮು, ಏದುಸಿರು ಬಂದರೆ ಮಾತ್ರ ಮಳೆಗಾಲದ ಶೀತವೆಂದು ಕಷಾಯ ಕುಡಿಸುತ್ತ ಕೂರಬೇಡಿ. ಆ ಮಾತ್ರೆಯಿಂದಲೇ ಶ್ವಾಸಕೋಶದಲ್ಲಿ ಬಾವು ಬಂದಿರಬಹುದು, ಮುಂದಿನ ಮಾತ್ರೆ ಕೊಡುವ ಮೊದಲೇ ವೈದ್ಯರಿಗೆ ಫೋನ್ ಮಾಡಿ.