ಆ ಶೇ. 20 ಯಾರ ಕಿಸೆಯಿಂದ?

ಸಿರುಗುಪ್ಪ ತಾಲೂಕಿನ ಬಯಲಾಟ ಸಂಘವೊಂದರ ಕಾರ್ಯದರ್ಶಿ ಕಾಗದ ಬರೆದಿದ್ದಾರೆ. ಹೆಸರು, ಊರು ಹಾಕಬೇಡಿ ಎಂದಿದ್ದಾರೆ, ಹಾಕಿಲ್ಲ. ವಿಷಯ ಇಷ್ಟು: ಸಂಘ ರಿಜಿಸ್ಟರ್ ಆಗಿ ಆರು ವರ್ಷ ಆಗಿದೆ. ಹನ್ನೆರಡು ಜನ ಸೇರಿ ದೊಡ್ಡಾಟ ಆಡುತ್ತಾರೆ. ಒಂದು ಕಂಪನಿಗೆ ಸಿಎಸ್‌ಆರ್ ಹಣ, ಅಂದರೆ ಕಂಪನಿಗಳು ಸಮಾಜದ ಕೆಲಸಕ್ಕೆ ಅಂತ ಕೊಡುವ ಹಣ, ಕೇಳಲು ಹೋದರೆ ಏನೇನೋ ನಂಬರ್ ಕೇಳಿ ವಾಪಸ್ ಕಳಿಸಿದರಂತೆ. ಈಗ ಹಣಕಾಸು ಸಲಹೆಗಾರರೊಬ್ಬರು ಸಿಕ್ಕಿದ್ದಾರೆ. ಕಾಗದಪತ್ರ ಎಲ್ಲಾ ಮಾಡಿಸಿ ಗ್ರಾಂಟ್ ತಂದುಕೊಡುತ್ತೇನೆ, ಮೊದಲು ₹40,000 ಕೊಡಿ, ಆಮೇಲೆ ಬಂದದ್ದರಲ್ಲಿ ಶೇ. 20 ನನಗೆ ಎಂದಿದ್ದಾರೆ. 'ನಮಗೆ ಆಟ ಗೊತ್ತು, ಲೆಕ್ಕ ಗೊತ್ತಿಲ್ಲ. ಒಪ್ಪಿಕೊಳ್ಳೋಣವೇ?' ಎಂದು ಕೇಳಿದ್ದಾರೆ.

ಕಾರ್ಯದರ್ಶಿಗಳೇ, ಬೇಡ.

₹40,000 ಜಾಸ್ತಿಯೋ ಕಡಿಮೆಯೋ, ಆ ಮಾತು ಆಮೇಲೆ. ಮೊದಲು ಆ ಶೇ. 20 ನೋಡಿ. ಗ್ರಾಂಟ್ ಕೊಡುವವರು ಯಾವ ಬಾಬ್ತಿಗೆ ಎಷ್ಟು ಅಂತ ಬರೆದೇ ಕೊಡುತ್ತಾರೆ. ವೇಷಭೂಷಣಕ್ಕೆ ಇಷ್ಟು, ತಾಲೀಮಿಗೆ ಇಷ್ಟು, ಪ್ರಯಾಣಕ್ಕೆ ಇಷ್ಟು. 'ತಂದುಕೊಟ್ಟವರ ಕಮಿಷನ್' ಅನ್ನುವ ಬಾಬ್ತು ಅದರಲ್ಲಿ ಇರುವುದಿಲ್ಲ. ಐದು ಲಕ್ಷ ಬಂತು ಅನ್ನಿ. ಒಂದು ಲಕ್ಷ ಅವರಿಗೆ ಹೋಯಿತು. ವರ್ಷದ ಕೊನೆಗೆ ಹಣ ಯಾವುದಕ್ಕೆ ಖರ್ಚಾಯಿತು ಅಂತ ಬಳಕೆ ಪ್ರಮಾಣಪತ್ರ ಕೊಡಬೇಕಲ್ವಾ, ಆಗ ಆ ಒಂದು ಲಕ್ಷಕ್ಕೆ ಬಿಲ್ ಎಲ್ಲಿಂದ ತರುತ್ತೀರಿ? ಹೊಲಿಸದ ವೇಷಕ್ಕೆ ಒಂದು ಬಿಲ್, ಬಾರದೇ ಇದ್ದ ಕಲಾವಿದನ ಹೆಸರಿನಲ್ಲಿ ಒಂದು ವೋಚರ್, ಹೀಗೆ ಹುಟ್ಟಿಸಬೇಕಾಗುತ್ತದೆ. ಅದರ ಕೆಳಗೆ ಸಹಿ ನಿಮ್ಮದು ಮತ್ತು ಅಧ್ಯಕ್ಷರದು. ಸಲಹೆಗಾರರ ಹೆಸರು ಯಾವ ಹಾಳೆಯಲ್ಲೂ ಇರುವುದಿಲ್ಲ. ನಾಳೆ ಆಡಿಟ್‌ನವರು ಬಂದು ಕೇಳಿದರೆ ಉತ್ತರ ಹೇಳುವವರು ನೀವು.

ಹಾಗಂತ ಸಲಹೆಗಾರರೇ ಬೇಡ ಅಂತ ಹೇಳುತ್ತಿಲ್ಲ. ಒಳ್ಳೆಯ ಸಿಎ ಒಬ್ಬರು ಜೊತೆಗಿದ್ದರೆ ಸಂಘ ಬದುಕುತ್ತದೆ. ಆದರೆ ಅವರಿಗೆ ಕೊಡಬೇಕಾದದ್ದು ಮಾಡಿದ ಕೆಲಸಕ್ಕೆ ಫೀಸು. ಬಂದ ಹಣದಲ್ಲಿ ಪಾಲು ಕೇಳುವವರನ್ನು ಬಾಗಿಲಲ್ಲೇ ನಿಲ್ಲಿಸಿ.

ಇನ್ನು, ಲೆಕ್ಕ ಗೊತ್ತಿಲ್ಲ ಅಂದಿರಲ್ಲ, ಅದನ್ನು ನಾನು ಒಪ್ಪುವುದಿಲ್ಲ. ಆಟ ರಂಗೇರಿರುತ್ತದೆ, ಭೀಮ ಗದೆ ಎತ್ತಿರುತ್ತಾನೆ, ಅಷ್ಟರಲ್ಲಿ ಊರಿನವರೊಬ್ಬರು ಸ್ಟೇಜ್ ಹತ್ತಿ ಅವನ ಎದೆಗೆ ನೂರರ ನೋಟು ಪಿನ್ ಮಾಡುತ್ತಾರೆ. ಹಿಮ್ಮೇಳ ನಿಲ್ಲುತ್ತದೆ. ಇಂಥವರ ಮಗ ಇಂಥವರಿಂದ ಭೀಮನ ಪಾತ್ರಕ್ಕೆ ನೂರು ರೂಪಾಯಿ ಆಯೇರು ಅಂತ ಮೈಕಿನಲ್ಲಿ ಕೂಗುತ್ತಾರೆ. ಹಾರ್ಮೋನಿಯಂ ಪಕ್ಕ ಕೂತ ಹುಡುಗ ನೋಟ್‌ಬುಕ್‌ನಲ್ಲಿ ಅದನ್ನು ಬರೆದುಕೊಳ್ಳುತ್ತಾನೆ. ಮುಂದೆ ಆ ಮನೆಯಲ್ಲಿ ಮದುವೆ ಆದರೆ ಆ ನೂರು ರೂಪಾಯಿ ಯಾರಿಗೂ ಮರೆತುಹೋಗಿರುವುದಿಲ್ಲ. ಇಷ್ಟು ಕಟ್ಟುನಿಟ್ಟಾಗಿ ಬಂದದ್ದನ್ನು ಬರೆಯುವವರು ಹೋದದ್ದನ್ನು ಮಾತ್ರ ಬರೆಯುವುದಿಲ್ಲ. ತೊಂದರೆ ಅಲ್ಲೇ ಇರುವುದು.

ನಿಮ್ಮ ಕಾಗದದಲ್ಲೇ ಇದು ಕಾಣುತ್ತದೆ. ಒಂದು ಆಟಕ್ಕೆ ₹25,000 ತೆಗೆದುಕೊಂಡೆವು, ಕೊನೆಗೆ ಏನು ಉಳಿಯಿತೋ ಗೊತ್ತಾಗಲಿಲ್ಲ ಅಂದಿದ್ದೀರಿ. ನೀವೇ ಕೊಟ್ಟ ಅಂಕಿ ಕೂಡಿಸಿದೆ. ವೇಷದ ಬಾಡಿಗೆ 5,000. ಗಾಡಿ 6,000. ಊಟ, ಚಹಾ 2,500. ಸ್ತ್ರೀ ಪಾತ್ರಕ್ಕೆ ಹೊರಗಿನಿಂದ ಕರೆಸಿದ ಇಬ್ಬರಿಗೆ 8,000. ಒಟ್ಟು 21,500. ಉಳಿದದ್ದು 3,500. ಅದನ್ನು ಹನ್ನೆರಡು ಜನಕ್ಕೆ ಹಂಚಿದರೆ ತಲೆಗೆ ಮುನ್ನೂರೂ ಬರಲಿಲ್ಲ. ರಾತ್ರಿಯೆಲ್ಲ ಕುಣಿದದ್ದಕ್ಕೆ! ತಿಂಗಳುಗಟ್ಟಲೆ ತಾಲೀಮು ಮಾಡಿಸಿದ ಮಾಸ್ತರರ ಸಂಬಳ ಇದರಲ್ಲಿ ಬಂದೇ ಇಲ್ಲ. ಮದ್ದಳೆಯ ರಿಪೇರಿಯೂ ಇಲ್ಲ. ಅಂದರೆ ನಿಮ್ಮ ಆಟದ ನಿಜವಾದ ಖರ್ಚು ₹25,000ಕ್ಕಿಂತ ಎಷ್ಟೋ ಮೇಲಿದೆ, ಆ ವ್ಯತ್ಯಾಸವನ್ನು ಇಷ್ಟು ದಿನ ನೀವೇ ಕೈಯಿಂದ ತುಂಬುತ್ತಾ ಬಂದಿದ್ದೀರಿ. ಬಳ್ಳಾರಿ ರಾಘವರು ದೊಡ್ಡ ನಟರು, ಜೊತೆಗೆ ವಕೀಲಿಯೂ ಇತ್ತು. ನಿಮ್ಮ ತಂಡದಲ್ಲಿ ಬಹಳ ಜನ ಕೂಲಿಗೆ ಹೋಗುವವರು. ಈ ಲೆಕ್ಕ ಕೈಯಲ್ಲಿ ಇಲ್ಲದೆ ಗ್ರಾಂಟ್ ಕೇಳಿದರೆ ಮತ್ತೆ ಕಡಿಮೆಯೇ ಕೇಳುತ್ತೀರಿ, ಮತ್ತೆ ಕೈಯಿಂದಲೇ ಹಾಕುತ್ತೀರಿ.

ಕಾರ್ಯಕ್ರಮದ ದುಡ್ಡು ಅಧ್ಯಕ್ಷರ ಸ್ವಂತ ಖಾತೆಗೆ ಬರುತ್ತದೆ ಎಂದಿದ್ದೀರಿ. ಇದನ್ನು ಇವತ್ತೇ ನಿಲ್ಲಿಸಿ. ಅವರು ಎಷ್ಟೇ ಒಳ್ಳೆಯವರಿರಲಿ, ಹನ್ನೆರಡು ಜನರ ದುಡ್ಡು ಕಾಗದದ ಮೇಲೆ ಅವರೊಬ್ಬರ ಆದಾಯ ಆಗಿ ಕೂತಿರುತ್ತದೆ. ದುಡ್ಡು ಕೊಡುವಾಗಲೇ ತೆರಿಗೆ (ಟಿಡಿಎಸ್) ಹಿಡಿದಿದ್ದರೆ ಅದೂ ಅವರ ಪ್ಯಾನ್‌ಗೇ ಹೋಗಿರುತ್ತದೆ. ರಿಟರ್ನ್ ಹಾಕಿದರೆ ವಾಪಸ್ ಬರಬಹುದಾದ ದುಡ್ಡು ಅದು, ಎಷ್ಟೋ ಕಲಾವಿದರು ಸುಮ್ನೆ ಬಿಟ್ಟುಬಿಡುತ್ತಾರೆ. ಸಂಘದ ಹೆಸರಿನಲ್ಲಿ ಪ್ಯಾನ್ ಮಾಡಿಸಿ, ಖಾತೆ ತೆರೆಯಿರಿ, ಇಬ್ಬರ ಸಹಿ ಇರಲಿ. ಕಲಾವಿದರಿಗೆ ಖಾತೆಗೇ ಹಾಕಿ. ನಗದು ಕೊಟ್ಟರೆ ವೋಚರ್ ಮೇಲೆ ಸಹಿ ಇಲ್ಲವೇ ಹೆಬ್ಬೆಟ್ಟು ತೆಗೆದುಕೊಳ್ಳಿ. ಜಿಎಸ್‌ಟಿ ಬಗ್ಗೆ ಆ ಸಲಹೆಗಾರರು ಹೆದರಿಸಿದ್ದಾರಂತಲ್ಲ. ಜಾನಪದ ರಂಗ ಕಲೆಯ ಕಲಾವಿದರು ಒಂದು ಪ್ರದರ್ಶನಕ್ಕೆ ₹1.5 ಲಕ್ಷದವರೆಗೆ ತೆಗೆದುಕೊಂಡರೆ ಅದಕ್ಕೆ ವಿನಾಯಿತಿ ಇದೆ. ನಿದ್ದೆ ಕೆಡಿಸಿಕೊಳ್ಳಬೇಡಿ.

ಈಗ ಕಂಪನಿಯವರು ಕೇಳಿದ ನಂಬರ್‌ಗಳು. ಅವರು ಬೇಕಂತ ಸತಾಯಿಸಿದ್ದಲ್ಲ. 2013ರ ಕಂಪನಿ ಕಾಯ್ದೆಯ 135ನೇ ಕಲಂ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ. 2 ಸಮಾಜಕ್ಕೆ ಖರ್ಚು ಮಾಡಬೇಕು. ಯಾವುದಕ್ಕೆ ಮಾಡಬಹುದು ಎಂಬ ಪಟ್ಟಿಯಲ್ಲಿ ಸಾಂಪ್ರದಾಯಿಕ ಕಲೆ, ಕರಕುಶಲ ಎರಡೂ ಇವೆ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆ, ದೋಣಿಮಲೈ ಗಣಿ ಇರುವ ಜಿಲ್ಲೆಯಲ್ಲಿ ಇದನ್ನು ಕೇಳಲು ನಾಚಿಕೆ ಯಾಕೆ? ಆದರೆ ಹೊರಗಿನ ಸಂಸ್ಥೆಗೆ ಕೊಡಬೇಕಾದರೆ ಆ ಸಂಸ್ಥೆಗೆ ಎಲ್ಲರೂ 12ಎ, 80ಜಿ ಎಂದು ಕರೆಯುವ ಆದಾಯ ತೆರಿಗೆ ನೋಂದಣಿ ಇರಬೇಕು, ಮೂರು ವರ್ಷ ಇಂಥ ಕೆಲಸ ಮಾಡಿದ ದಾಖಲೆ ಇರಬೇಕು, 2021ರ ಏಪ್ರಿಲ್‌ನಿಂದ ಸಿಎಸ್‌ಆರ್-1 ಎಂಬ ನೋಂದಣಿಯೂ ಬೇಕು. ಇವೆಲ್ಲ ಆನ್‌ಲೈನ್. ತೆರಿಗೆ ನೋಂದಣಿಗೆ ಸರ್ಕಾರಿ ಶುಲ್ಕ ಇಲ್ಲ. ಸಿಎಸ್‌ಆರ್-1ಕ್ಕೆ ಸಿಎ ಅಥವಾ ಕಂಪನಿ ಸೆಕ್ರೆಟರಿಯಂಥವರ ದೃಢೀಕರಣ ಬೇಕು, ಅದಕ್ಕೆ ಅವರ ಫೀಸು ಕೊಡಿ.

ನಿಮ್ಮಲ್ಲಿ ನಿಜವಾಗಿ ಕೊರತೆ ಇರುವುದು ಆ ಮೂರು ವರ್ಷದ ದಾಖಲೆ. ಆರು ವರ್ಷ ಆಟ ಆಡಿದ್ದೀರಿ, ಆದರೆ 1960ರ ಸಂಘಗಳ ನೋಂದಣಿ ಕಾಯ್ದೆಯಂತೆ ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ನಡೆಸಿ ಪದಾಧಿಕಾರಿಗಳ ಪಟ್ಟಿ, ಲೆಕ್ಕಪತ್ರವನ್ನು ಜಿಲ್ಲಾ ನೋಂದಣಾಧಿಕಾರಿಗೆ ಕೊಟ್ಟಿದ್ದು ಮೊದಲ ವರ್ಷ ಮಾತ್ರ. ದಂಡ ಕಟ್ಟಿ ಅದನ್ನು ಸರಿಮಾಡಿಸುವುದೇ ಮೊದಲ ಕೆಲಸ. ಹಳೆಯ ಹ್ಯಾಂಡ್‌ಬಿಲ್, ಫೋಟೋ, ಪೇಪರ್ ಕಟಿಂಗ್ ಯಾವುದನ್ನೂ ಬಿಸಾಡಬೇಡಿ.

ಇದನ್ನೆಲ್ಲ ಮಾಡುವವರು ಯಾರು? ಸಿರುಗುಪ್ಪದಲ್ಲಿ ರೈಸ್ ಮಿಲ್‌ಗಳಿವೆ, ಅಲ್ಲಿ ಟ್ಯಾಲಿಯಲ್ಲಿ ದಿನವಿಡೀ ಲೆಕ್ಕ ಬರೆಯುವ ಗುಮಾಸ್ತರಿದ್ದಾರೆ. ಅವರಲ್ಲಿ ಬಯಲಾಟದ ಹುಚ್ಚಿರುವವರು ಒಬ್ಬರಾದರೂ ಸಿಗದೇ ಇರುವುದಿಲ್ಲ. ತಿಂಗಳಿಗೆ ಒಂದು ಭಾನುವಾರ ಬಂದು ನಿಮ್ಮ ಚೀಟಿಗಳನ್ನು ಜೋಡಿಸಿ ಕೊಡಲಿ, ₹1,500 ಕೊಡಿ. ಪುಕ್ಕಟೆ ಬೇಡ, ಪುಕ್ಕಟೆ ಕೆಲಸ ಎರಡು ತಿಂಗಳಿಗೆ ನಿಲ್ಲುತ್ತದೆ. ವರ್ಷಕ್ಕೆ 18,000 ಆಯಿತು. ಸಲಹೆಗಾರರಿಗೆ ಕೊಡಲು ಹೊರಟಿದ್ದ 40,000ದಲ್ಲಿ ಇನ್ನೂ 22,000 ಉಳಿಯಿತು. ಅದನ್ನು ಸಿಎ ಫೀಸು, ಆಡಿಟ್, ದಂಡಕ್ಕೆ ಇಟ್ಟುಕೊಳ್ಳಿ.

ಸಿಎಸ್‌ಆರ್ ಒಂದನ್ನೇ ನಂಬಿ ಕೂರಬೇಡಿ. ಕೇಂದ್ರ ಸಂಸ್ಕೃತಿ ಸಚಿವಾಲಯದಲ್ಲಿ ಗುರು-ಶಿಷ್ಯ ಪರಂಪರೆಗೆ ಸಹಾಯಧನದ ಯೋಜನೆ ಇದೆ, ಅದಕ್ಕೆ ಸಂಘ-ಸಂಸ್ಥೆಗಳ ಸರ್ಕಾರಿ ಪೋರ್ಟಲ್ ಎನ್‌ಜಿಒ ದರ್ಪಣ್‌ನಲ್ಲಿ ನೋಂದಣಿ ಮಾಡಿಸಿಟ್ಟುಕೊಳ್ಳಿ. ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ 1993ರಲ್ಲಿ ಶುರುವಾದ, ಕಲೆಗೆ ಗ್ರಾಂಟ್ ಕೊಡುವ ಸಂಸ್ಥೆ. ಅವರಿಗೆ ಕನ್ನಡದಲ್ಲೇ ಅರ್ಜಿ ಬರೆಯಬಹುದು, ಆದರೆ ಸುಮ್ನೆ ಆಟ ಆಡುತ್ತೇವೆ ಅಂದರೆ ಸಾಲದು, ಹೊಸದಾಗಿ ಏನು ಮಾಡುತ್ತೀರಿ ಹೇಳಬೇಕು. ತೊಗಲುಗೊಂಬೆ ಆಡಿಸುವ ಮೋರನಾಳದ ಭೀಮವ್ವನವರಿಗೆ 2025ರಲ್ಲಿ ಪದ್ಮಶ್ರೀ ಬಂದ ಮೇಲೆ ನಮಗೂ ಒಳ್ಳೆಯ ಕಾಲ ಬಂತು ಅಂದುಕೊಂಡೆವು ಎಂದು ಬರೆದಿದ್ದೀರಿ. ಪ್ರಶಸ್ತಿಯಿಂದ ಮರ್ಯಾದೆ ಸಿಗುತ್ತದೆ. ಗಾಡಿ ಬಾಡಿಗೆ ಬೇರೆ ಕಡೆಯಿಂದಲೇ ಹುಟ್ಟಬೇಕು.

ಆ ಸಲಹೆಗಾರರು ಮತ್ತೆ ಫೋನ್ ಮಾಡಿದರೆ ಜಗಳ ಏನೂ ಬೇಡ. ನಿಮ್ಮ ಶೇ. 20ಕ್ಕೆ ರಸೀದಿ ಕೊಡುತ್ತೀರಾ ಸಾರ್, ಅಂತ ಮಾತ್ರ ಕೇಳಿ.